ಕಿಗಾಲಿಯಿಂದ ಅರುಷಾಕ್ಕೆ: ಕಾನೂನಿನ ಜಾಡು ಹಿಡಿದು ಹತ್ತು ದಿನ

ಹೊರಡುವ ಮುನ್ನ

ಪೂರ್ವ ಆಫ್ರಿಕಕ್ಕೆ ಹೋಗುವ ನಮ್ಮವರು ಬಹುತೇಕ ಸಿಂಹ ನೋಡಲು ಹೋಗುತ್ತಾರೆ. ಈ ದಾರಿಯಲ್ಲಿ ಸಿಂಹ ಸಿಗುವುದಿಲ್ಲ. ಹೆಣ್ಣುಮಕ್ಕಳ ಪರವಾದ ಒಂದು ಕಾನೂನು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಪಕ್ಕದ ದೇಶದ ಸಂಸದೆಯರು ಅದನ್ನು ಎಷ್ಟು ಎತ್ತಿಕೊಳ್ಳಬಲ್ಲರು ಎಂಬುದನ್ನು ಬಸ್ಸಿನ ಕಿಟಕಿಯಿಂದ ಹಿಂಬಾಲಿಸುವ ದಾರಿ ಇದು. ರುವಾಂಡಾ, ಉಗಾಂಡಾ, ಕೆನ್ಯಾ, ತಾಂಜಾನಿಯಾ: ನಾಲ್ಕು ದೇಶ, ಸುಮಾರು 1,500 ಕಿಲೋಮೀಟರ್. ನಾಲ್ಕೂ ಈ ಭಾಗದ ದೇಶಗಳ ಒಕ್ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಸದಸ್ಯರು, ನಾಲ್ಕರಲ್ಲೂ ಸಂಸದೆಯರ ಪಕ್ಷಾತೀತ ಕೂಟಗಳಿವೆ.

ಮೊದಲ ಮೂರು ದೇಶಗಳಿಗೆ ಸೇರಿ ಒಂದೇ ವೀಸಾ ಉಂಟು. ಪೂರ್ವ ಆಫ್ರಿಕಾ ಪ್ರವಾಸಿ ವೀಸಾ, 100 ಡಾಲರ್, 90 ದಿನ, ಆ ಮೂರರೊಳಗೆ ಓಡಾಟಕ್ಕೆ ತಡೆಯಿಲ್ಲ. ಯಾವ ದೇಶಕ್ಕೆ ಮೊದಲು ಕಾಲಿಡುತ್ತೀರೋ ಆ ದೇಶದ ಬಳಿಯೇ ಅರ್ಜಿ ಹಾಕಬೇಕು. ಕೆನ್ಯಾದಿಂದ ತೆಗೆದುಕೊಂಡು ಕಿಗಾಲಿಯಲ್ಲಿ ಇಳಿದರೆ ಕೌಂಟರಿನಲ್ಲೇ ತಕರಾರು ಶುರು. ತಾಂಜಾನಿಯಾಕ್ಕೆ ಬೇರೆ ವೀಸಾ ಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು, ಪ್ರಮಾಣಪತ್ರ ಊರ್ಜಿತವಾಗುವುದೇ ಹತ್ತನೇ ದಿನದಿಂದ. ಅಲ್ಲಿಗೆ ಹೋಗುವಾಗ ಮಾತ್ರ ಬೇಕಾಗುವ ಕಾಗದ ಎಂದುಕೊಳ್ಳಬೇಡಿ. ಉಗಾಂಡಾ, ಕೆನ್ಯಾ ಸುತ್ತಿ ಬಂದವರ ಕೈಯಲ್ಲಿ ಆ ಹಳದಿ ಪುಸ್ತಿಕೆ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ವಾರದ ಲೆಕ್ಕವೂ ಮುಖ್ಯ. ಕಂಪಾಲಾ ಮತ್ತು ನೈರೋಬಿ ಎರಡರಲ್ಲೂ ಕಲಾಪ ನಡೆಯುವುದು ಸಾಮಾನ್ಯವಾಗಿ ಮಂಗಳವಾರದಿಂದ ಗುರುವಾರದವರೆಗೆ. ಆದ್ದರಿಂದ ಕಿಗಾಲಿಯಲ್ಲಿ ಸೋಮವಾರ ಶುರುಮಾಡಿದರೆ ಮುಂದಿನದು ತಾನಾಗಿ ಹೊಂದಿಕೊಳ್ಳುತ್ತದೆ.

ದಿನ 1, ಸೋಮವಾರ: ಕಿಗಾಲಿ

ವಿಮಾನದಿಂದ ಇಳಿಯುವ ಮೊದಲೇ ಪ್ಲಾಸ್ಟಿಕ್ ಕೈಚೀಲಗಳನ್ನು ತೆಗೆದಿಡಿ. 2008ರಿಂದ ನಿಷೇಧವಿದೆ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ ಕಟ್ಟಿಕೊಂಡು ಹೋಗುವವರು ಡಬ್ಬಿಯಲ್ಲಿ ಹಾಕಿಕೊಳ್ಳುವುದು ಕ್ಷೇಮ.

ಸಂಸತ್ ಭವನ ಇರುವುದು ಕಿಮಿಹುರುರಾ ಗುಡ್ಡದ ಮೇಲೆ. ಗೋಡೆಯ ಮೇಲೆ 1994ರ ಗುಂಡು, ಶೆಲ್‌ಗಳ ಗುರುತುಗಳನ್ನು ಮುಚ್ಚದೆ ಉಳಿಸಿಕೊಂಡಿದ್ದಾರೆ. ಆ ವರ್ಷ ಟುಟ್ಸಿ ಜನರ ನರಮೇಧ ಶುರುವಾದಾಗ, ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರ ಪಡೆ ಆರ್‌ಪಿಎಫ್‌ನ 600 ಸೈನಿಕರ ತುಕಡಿ ಇದೇ ಕಟ್ಟಡದಲ್ಲಿ ಸಿಕ್ಕಿಕೊಂಡಿತ್ತು. ಈಗ ಒಂದು ಭಾಗ ವಸ್ತುಸಂಗ್ರಹಾಲಯ, ಉಳಿದದ್ದು ಸದನ. ಕೆಳಮನೆಯ 80 ಸ್ಥಾನಗಳಲ್ಲಿ 2024ರ ಚುನಾವಣೆಯ ಬಳಿಕ 51ರಲ್ಲಿ ಹೆಂಗಸರಿದ್ದಾರೆ. ಅದೇ ವರ್ಷ ನಮ್ಮ ಲೋಕಸಭೆಗೆ ಬಂದವರು 543ಕ್ಕೆ 74.

ಈ 51ನ್ನು ಪ್ರವಾಸಿಗರಿಗೆ ಪವಾಡದಂತೆ ಹೇಳುವ ರೂಢಿಯಿದೆ. ಒಳಗಿನ ಲೆಕ್ಕ ಬಿಡಿಸಿ ನೋಡಿ. 80ರಲ್ಲಿ 53 ಸ್ಥಾನಗಳು ಪಕ್ಷಗಳ ಪಟ್ಟಿಯಿಂದ, ಮತಪ್ರಮಾಣಕ್ಕೆ ತಕ್ಕಂತೆ ತುಂಬುತ್ತವೆ. 24 ಹೆಂಗಸರಿಗೇ ಮೀಸಲು, ಇಬ್ಬರು ಯುವಜನರಿಂದ, ಒಬ್ಬರು ಅಂಗವಿಕಲರಿಂದ. ಆ 24ಕ್ಕೆ ಊರಿನವರೆಲ್ಲ ಮತ ಹಾಕುವುದಿಲ್ಲ. ಮಹಿಳಾ ಮಂಡಳಿಗಳ ಸಮಿತಿಗಳು ಮತ್ತು ಸ್ಥಳೀಯ ಸಂಸ್ಥೆಗಳ ಸದಸ್ಯರು ಸೇರಿದ ಮತದಾರ ಮಂಡಲ ಆರಿಸುತ್ತದೆ: ಪೂರ್ವ, ಪಶ್ಚಿಮ, ದಕ್ಷಿಣ ಪ್ರಾಂತಗಳಿಗೆ ಆರಾರು, ಉತ್ತರಕ್ಕೆ ನಾಲ್ಕು, ಕಿಗಾಲಿಗೆ ಎರಡು. 2003ರ ಸಂವಿಧಾನ ಕೇಳಿದ್ದು ಕನಿಷ್ಠ ಶೇ 30. ಆ ವರ್ಷವೇ 39 ಮಂದಿ ಬಂದರು. 2008ರಲ್ಲಿ 45, ಅಂದರೆ ಶೇ 56ಕ್ಕೂ ಮಿಗಿಲು. ಜಗತ್ತಿನಲ್ಲಿ ಹೆಂಗಸರು ಬಹುಮತದಲ್ಲಿದ್ದ ಮೊದಲ ಸಂಸತ್ತು ಅದು. ಮೀಸಲು 24 ಅಡಿಪಾಯ, ಮೇಲಿನ ಗೋಡೆ ಎದ್ದದ್ದು ಪಕ್ಷಗಳ ಪಟ್ಟಿಯಿಂದ. ಇದನ್ನು ನೆನಪಿಟ್ಟುಕೊಂಡು ಹೊರಡಿ, ನೈರೋಬಿಯಲ್ಲಿ ಬೇಕಾಗುತ್ತದೆ.

ದಿನ 2, ಮಂಗಳವಾರ: ಕಿಗಾಲಿ

ರುವಾಂಡಾ ಸಂಸದೆಯರ ವೇದಿಕೆ ಹುಟ್ಟಿದ್ದು 1996ರಲ್ಲಿ, ಮೀಸಲಾತಿಗಿಂತ ಏಳು ವರ್ಷ ಮೊದಲು. ಸ್ಥಾನ ಬರುವ ಮೊದಲೇ ಕೂಟ ಕಟ್ಟಿಕೊಂಡದ್ದು ಇಲ್ಲಿಯವರ ಜಾಣತನ. 1999ರ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. ನಮ್ಮ ಕಡೆಯೂ ಇಂಥದ್ದು ನೆರೆಯಿಂದ ನೆರೆಗೆ ಹಬ್ಬಿದ ಕಥೆ ಇದೆಯಲ್ಲ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಆಂಧ್ರ 1986ರಲ್ಲಿ ಕೊಟ್ಟಿತು, ತಮಿಳುನಾಡು 1989ರಲ್ಲಿ, ಕರ್ನಾಟಕ, ಮಹಾರಾಷ್ಟ್ರ 1994ರಲ್ಲಿ, ಇಡೀ ದೇಶ 2005ರಲ್ಲಿ. ನಮ್ಮ 1994ರ ತಿದ್ದುಪಡಿಯಲ್ಲಿ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳು ಹೊರಗುಳಿದರು. ರುವಾಂಡಾದ ಕಾನೂನಿನಲ್ಲಿ ಹೊರಗುಳಿದವರು ಬೇರೆ: ನೋಂದಣಿ ಇಲ್ಲದೆ ಒಟ್ಟಿಗೆ ಬಾಳುತ್ತಿದ್ದ ಹೆಂಗಸರು. ಗಂಡನೆನಿಸಿಕೊಂಡವನು ಇನ್ನೊಬ್ಬಳನ್ನು ಕಾನೂನುಬದ್ಧವಾಗಿ ಮದುವೆಯಾದರೆ ಹತ್ತು ವರ್ಷ ಹೊಲ ಗೇಯ್ದವಳು ಬರಿಗೈ.

ಆ ತೂತನ್ನು ಮುಚ್ಚಲು ಯತ್ನಿಸಿದ್ದು 2008ರ ಲಿಂಗಾಧಾರಿತ ಹಿಂಸೆ ತಡೆ ಕಾನೂನು. ಅದರ 39ನೇ ಕಲಮಿನ ಪ್ರಕಾರ ಹಲವರೊಂದಿಗೆ ಬಾಳಿದವನು ಒಬ್ಬಳನ್ನು ವಿಧಿವತ್ತಾಗಿ ಮದುವೆಯಾಗುವ ಮೊದಲು, ಜೊತೆಗೂಡಿ ಸಂಪಾದಿಸಿದ ಆಸ್ತಿಯನ್ನು ಅವರೊಂದಿಗೆ ಸಮನಾಗಿ ಹಂಚಿಕೊಳ್ಳಬೇಕು. ಕಲಮಿಗಿಂತ ಅದು ಸದನಕ್ಕೆ ಬಂದ ಬಗೆಯನ್ನು ನೆರೆಯ ದೇಶಗಳ ಸಂಸದೆಯರು ಹೆಚ್ಚು ಗಮನಿಸಬೇಕು. ಕರಡಿಗೆ ಮೊದಲು ವೇದಿಕೆಯವರು ಜಿಲ್ಲೆ ಜಿಲ್ಲೆ ಸುತ್ತಿ ಜನರ ಮಾತು ಕೇಳಿಸಿಕೊಂಡರು. 2006ರಲ್ಲಿ ಮಸೂದೆ ಮಂಡಿಸುವಾಗ ನಾಲ್ವರು ಸಂಸದೆಯರ ಜೊತೆ ನಾಲ್ವರು ಗಂಡಸರೂ ಸಹಿ ಹಾಕಿದರು. ಅದು ಲೆಕ್ಕಹಾಕಿ ಮಾಡಿದ ಕೆಲಸ. ಹೆಂಗಸರ ಮಸೂದೆ ಎಂದು ಹಣೆಪಟ್ಟಿ ಬಿದ್ದರೆ ಗಂಡಸರು ಚರ್ಚೆಯ ಹೊತ್ತಿಗೆ ಕಾಫಿಗೆ ಎದ್ದು ಹೋಗುತ್ತಾರೆ; ಮಂಡಿಸಿದವರ ಪಟ್ಟಿಯಲ್ಲೇ ಅವರ ಹೆಸರಿದ್ದರೆ ಎದ್ದು ಹೋಗಲು ಆಗುವುದಿಲ್ಲ.

ಕಾನೂನಿನ ಇನ್ನೊಂದು ತುದಿ ಕಚಿರು ಬಡಾವಣೆಯ ಪೊಲೀಸ್ ಆಸ್ಪತ್ರೆಯಲ್ಲಿದೆ. 2009ರಲ್ಲಿ ಅಲ್ಲಿ ಶುರುವಾದ ಇಸಾಂಗೆ ಕೇಂದ್ರದಲ್ಲಿ ವೈದ್ಯರು, ಪೊಲೀಸರು, ಆಪ್ತಸಲಹೆ, ಕಾನೂನು ನೆರವು ಎಲ್ಲ ಒಂದೇ ಸೂರಿನಡಿ. ಠಾಣೆಗೆ ಹೋದವಳನ್ನು ಆಸ್ಪತ್ರೆಗೆ ಕಳಿಸಿ, ಆಸ್ಪತ್ರೆಯವರು ಮತ್ತೆ ಠಾಣೆಗೆ ಅಟ್ಟಿದರೆ ಆ ಓಡಾಟದಲ್ಲೇ ಸಾಕ್ಷ್ಯ ಹಾಳಾಗುತ್ತದೆ. ಇದು ನೋಡಲು ಹೋಗುವ ಜಾಗವಲ್ಲ. ಹೊರಗಿನ ಬೋರ್ಡು ಓದಿಕೊಂಡು ಮುಂದೆ ನಡೆಯಿರಿ.

ದಿನ 3, ಬುಧವಾರ: ಗತುನಾ ದಾಟಿ ಕಂಪಾಲಾಕ್ಕೆ

ಸುಮಾರು 500 ಕಿಲೋಮೀಟರ್, ಬಸ್ಸಿನಲ್ಲಿ ಹತ್ತು ಗಂಟೆ ಹಿಡಿಯುತ್ತದೆ. ಗಡಿ ದಾಟಿದ ಕೂಡಲೇ ಗಡಿಯಾರವನ್ನು ಒಂದು ಗಂಟೆ ಮುಂದಿಡಿ. ವಾಹನಗಳು ಬಲಬದಿಯಿಂದ ಎಡಬದಿಗೆ ಬದಲಾಗುತ್ತವೆ. ರಸ್ತೆ ದಾಟುವಾಗ ಎರಡು ದಿನದ ರುವಾಂಡಾ ಅಭ್ಯಾಸ ಕೈಕೊಡುತ್ತದೆ.

ಗಡಿಯಲ್ಲಿ ಕೈಯಲ್ಲಿ, ತಲೆಯ ಮೇಲೆ ಸರಕು ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ಬೀನ್ಸ್, ಜೋಳದ ಹಿಟ್ಟು, ಟೊಮೆಟೊ. ಇವರಿಗಾಗಿ ಪೂರ್ವ ಆಫ್ರಿಕಾ ಸಮುದಾಯ ಸರಳ ವ್ಯಾಪಾರ ಪದ್ಧತಿ ಎಂದು ಒಂದನ್ನು ಮಾಡಿದೆ. ಸರಕು ಸಮುದಾಯದೊಳಗೇ ಬೆಳೆದದ್ದು, ಒಪ್ಪಿದ ಪಟ್ಟಿಯಲ್ಲಿರುವುದು, ಬೆಲೆ 2,000 ಡಾಲರಿನೊಳಗೆ ಎಂದಾದರೆ ಗಡಿಯಲ್ಲೇ ಸರಕು ಎಲ್ಲಿಯದೆಂದು ಹೇಳುವ ಒಂದು ಸರಳ ಮೂಲ ಪ್ರಮಾಣಪತ್ರ ಬರೆಸಿಕೊಂಡು ಆಮದು ಸುಂಕ ಕಟ್ಟದೆ ದಾಟಬಹುದು. ಕಾಗದದ ಮೇಲೆ ಇಷ್ಟು ಸುಲಭ. ಹಾಗಿದ್ದೂ ಬಹಳ ಮಂದಿ ಪಕ್ಕದ ಕಾಲುದಾರಿ ಹಿಡಿಯುತ್ತಾರೆ. ಆ ದಾರಿಗಳಿಗೆ ಸ್ವಾಹಿಲಿಯಲ್ಲಿ ಪನ್ಯಾ ಎನ್ನುತ್ತಾರೆ, ಅಂದರೆ ಇಲಿ. ಪದ್ಧತಿಯ ವಿಷಯವೇ ಗೊತ್ತಿಲ್ಲದಿರುವುದು ಒಂದು ಕಾರಣ. ಸುಂಕ ಮಾಫಿಯಾದರೂ ಆರೋಗ್ಯ, ಗುಣಮಟ್ಟದ ಕಾಗದಗಳು ಬೇಕೇಬೇಕು, ಅವನ್ನು ಕೊಡುವ ಕಚೇರಿ ಎಲ್ಲೋ ದೂರದ ಪಟ್ಟಣದಲ್ಲಿರುತ್ತದೆ, ಇದು ಇನ್ನೊಂದು. ಕೌಂಟರಿನ ಹಿಂದೆ ಕೂತವನ ನಾಲಿಗೆ ಮೂರನೆಯದು. ಇಲಿದಾರಿಯಲ್ಲಿ ಹೋದವಳನ್ನು ದೋಚಿದರೂ ಮೈಮೇಲೆ ಕೈಹಾಕಿದರೂ ಅವಳು ದೂರು ಕೊಡಲಾರಳು, ಕೊಟ್ಟರೆ ತಾನೇ ಕಳ್ಳಸಾಗಣೆಯವಳಾಗುತ್ತಾಳೆ.

ಇದೇ ಗಡಿ 2019ರ ಫೆಬ್ರುವರಿ ಕೊನೆಯಿಂದ 2022ರ ಜನವರಿ 31ರವರೆಗೆ ಮುಚ್ಚಿತ್ತು. ಕಾರಣ ಎರಡು ಸರ್ಕಾರಗಳ ಮುನಿಸು. ಎರಡೂ ದೇಶಗಳಲ್ಲಿ ಬಲವಾದ ಸಂಸದೆಯರ ಕೂಟಗಳಿದ್ದವು, ಒಂದೇ ಸಮುದಾಯದ ಸಹಿಯಿತ್ತು. ತೆರೆಯುವ ಹೊತ್ತು ಬಂದಾಗ ತೀರ್ಮಾನಿಸಿದ್ದು ಅಧ್ಯಕ್ಷರುಗಳ ಮಟ್ಟದಲ್ಲಿ. ಪ್ರಾದೇಶಿಕ ಸಹಕಾರ ಎಂಬ ಮಾತಿನ ಅಳತೆ ತಿಳಿಯಲು ಈ ಮೂರು ವರ್ಷ ಸಾಕು.

ಮಸಾಕಾ ಕಳೆದ ಮೇಲೆ ಕಯಬ್ವೆಯಲ್ಲಿ ಸಮಭಾಜಕ ರೇಖೆ ಸಿಗುತ್ತದೆ. ಬಸ್ಸು ನಿಲ್ಲುವ ಕಡೆ ರೋಲೆಕ್ಸ್ ತಿನ್ನಿ. ಗಡಿಯಾರದ ಹೆಸರಾದರೂ ಅದು ಚಪಾತಿಯಲ್ಲಿ ಸುತ್ತಿದ ಆಮ್ಲೆಟ್. ಚಪಾತಿ ಹೋದದ್ದು ನಮ್ಮ ಕಡೆಯಿಂದಲೇ.

ದಿನ 4, ಗುರುವಾರ: ಕಂಪಾಲಾ

ಪಾರ್ಲಿಮೆಂಟ್ ಅವೆನ್ಯೂ. ಕಲಾಪ ಮಧ್ಯಾಹ್ನ 2ಕ್ಕೆ ಎಂದಿರುತ್ತದೆ, ಶುರುವಾಗುವುದು ನಿಧಾನ. ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಬೇಕು. ತೋಳಿಲ್ಲದ ಅಂಗಿ, ಚಡ್ಡಿ ನಡೆಯುವುದಿಲ್ಲ.

ಉಗಾಂಡಾದ ಪದ್ಧತಿ ರುವಾಂಡಾದ್ದಲ್ಲ. ಇಲ್ಲಿ ಪ್ರತಿ ಜಿಲ್ಲೆಗೆ ಒಬ್ಬ ಮಹಿಳಾ ಪ್ರತಿನಿಧಿ. ಇದು ಶುರುವಾದದ್ದು 1989ರಲ್ಲಿ. ಅದೇ ವರ್ಷ ಉಗಾಂಡಾ ಸಂಸದೆಯರ ಸಂಘವೂ ಹುಟ್ಟಿತು. (ನಮ್ಮಲ್ಲಿ ಮಂಡಲ ಪಂಚಾಯಿತಿಗಳಿಗೆ ಶೇ 25 ಮೀಸಲಿನೊಂದಿಗೆ ಹೆಣ್ಣುಮಕ್ಕಳು ಆರಿಸಿ ಬಂದದ್ದು 1987ರಲ್ಲಿ. ಹೆಚ್ಚು ಕಡಿಮೆ ಒಂದೇ ಕಾಲ.) ಜಿಲ್ಲೆ ಒಡೆದು ಹೊಸ ಜಿಲ್ಲೆ ಮಾಡಿದಂತೆಲ್ಲ ಮಹಿಳಾ ಸ್ಥಾನವೂ ಏರುತ್ತ ಹೋಯಿತು; 2021ರಲ್ಲಿ 146. ಸಾಮಾನ್ಯ ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಆ ವರ್ಷ ಹದಿನಾಲ್ಕೇ. ‘ನಿಮಗೆ ಜಿಲ್ಲಾ ಸೀಟು ಇದೆಯಲ್ಲ, ಇದು ನಮಗೆ ಬಿಡಿ’ ಎಂಬ ಮಾತಿಗೆ ಪದ್ಧತಿಯೇ ಎಡೆ ಮಾಡಿಕೊಟ್ಟಿತು. ಅದೂ ಅಲ್ಲದೆ ಜಿಲ್ಲಾ ಪ್ರತಿನಿಧಿ ಸುತ್ತಬೇಕಾದ ನೆಲ ಸಾಮಾನ್ಯ ಸದಸ್ಯನದ್ದಕ್ಕಿಂತ ಎಷ್ಟೋ ಪಾಲು ದೊಡ್ಡದು. ಪೆಟ್ರೋಲು ಖರ್ಚಿನಲ್ಲೇ ಸೋಲುವವರಿದ್ದಾರೆ.

ಈ ಊರಲ್ಲಿ ತಿಳಿದುಕೊಳ್ಳಲೇಬೇಕಾದ್ದು 1998ರ ಭೂ ಕಾಯ್ದೆಯ ‘ಕಳೆದುಹೋದ ಕಲಮು’. ಗಂಡ ಹೆಂಡತಿ ಬಾಳುವ, ಹೊಟ್ಟೆ ಹೊರೆಯುವ ಜಮೀನಿಗೆ ಇಬ್ಬರೂ ಒಡೆಯರು ಎಂಬ ತಿದ್ದುಪಡಿ ಅದು. ಸಂಸದೆ ಮಿರಿಯಾ ಮತೆಂಬೆ ಸದನದಲ್ಲಿ ಮಂಡಿಸಿದರು, ಸದನ ಒಪ್ಪಿತು, ಹೆಂಗಸರು ಕುಣಿದರು. ಕಾಯ್ದೆ ಅಚ್ಚಾಗಿ ಬಂದಾಗ ಕಲಮೇ ಇಲ್ಲ! ಕೇಳಿದರೆ, ತಿದ್ದುಪಡಿಯನ್ನು ಕ್ರಮಪ್ರಕಾರ ಮಂಡಿಸಿರಲಿಲ್ಲ, ಅದರ ದಾಖಲೆ ಸರಿಯಿಲ್ಲ ಎಂಬ ಉತ್ತರ. ಅದನ್ನು ತೆಗೆಸಿದ್ದು ತಾವೇ ಎಂದು ಅಧ್ಯಕ್ಷ ಮುಸೆವೇನಿ ಆಮೇಲೆ ಒಪ್ಪಿಕೊಂಡರು. 2004ರ ತಿದ್ದುಪಡಿಯಲ್ಲಿ ಸಿಕ್ಕಿದ್ದು ಜಮೀನು ಮಾರುವ ಮುನ್ನ ಹೆಂಡತಿಯ ಒಪ್ಪಿಗೆ ಬೇಕು ಎಂಬಷ್ಟು ಮಾತ್ರ, ಒಡೆತನ ಸಿಗಲಿಲ್ಲ.

ಸದನದ ಕೆಲಸ ಬಲ್ಲವರಿಗೆ ಇದರಲ್ಲಿ ಪಾಠ ಸ್ಪಷ್ಟ. ತಿದ್ದುಪಡಿಯ ಅಕ್ಷರ ಅಕ್ಷರವೂ ಬರಹದಲ್ಲಿ ಕಾರ್ಯದರ್ಶಿಯ ಮೇಜಿಗೆ ಮುಟ್ಟಿರಬೇಕು, ಬಾಯಿಮಾತಿನಲ್ಲಿ ‘ಹೀಗೆ ಸೇರಿಸೋಣ’ ಎಂದರೆ ಸಾಲದು. ಯಾವ ಕಲಮಿನ ಯಾವ ಉಪಕಲಮಿನ ಬಳಿಕ ಎಂಬುದನ್ನು ಹೇಳಿಯೇ ಮತಕ್ಕೆ ಹಾಕಿಸಬೇಕು. ಮರುದಿನ ಕಲಾಪದ ದಾಖಲೆ ತೆಗೆದು ಓದಬೇಕು, ಅಂಕಿತಕ್ಕೆ ಹೋಗುವ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಭಾಷಣ ಮಾಡುವವರಿಗೆ ಈ ಕೆಲಸ ಬೇಸರ. ಅದಕ್ಕೆಂದೇ ಸಂಸದೆಯರ ಕೂಟಕ್ಕೆ ಸಂಬಳದ ಕರಡು ಬರಹಗಾರರೊಬ್ಬರು ಬೇಕು. ಆ ಹುದ್ದೆಯಿಲ್ಲದ ಕೂಟ ಫೋಟೊಕ್ಕೆ ಚೆನ್ನ.

ಬಜೆಟ್ಟಿನ ವಿಷಯದಲ್ಲಿ ಮಾತ್ರ ಕಂಪಾಲಾ ನೆರೆಯವರಿಗಿಂತ ಒಂದು ಹೆಜ್ಜೆ ಮುಂದಿದೆ. 2015ರ ಸಾರ್ವಜನಿಕ ಹಣಕಾಸು ನಿರ್ವಹಣಾ ಕಾಯ್ದೆಯ ಪ್ರಕಾರ ಬಜೆಟ್ ಕಾಗದಗಳ ಜೊತೆ ಲಿಂಗ ಸಮಾನತೆ ಮತ್ತು ಸಮತೆಯ ಪ್ರಮಾಣಪತ್ರ ಇರಬೇಕು. ಸಮಾನ ಅವಕಾಶಗಳ ಆಯೋಗ ಪ್ರತಿ ಸಚಿವಾಲಯದ ಕಾಗದಕ್ಕೆ ಅಂಕ ಹಾಕುತ್ತದೆ, ಪಾಸಾಗಲು ನೂರಕ್ಕೆ 50. ಕರ್ನಾಟಕದ ‘ಮಹಿಳಾ ಉದ್ದೇಶಿತ ಆಯವ್ಯಯ’ ಖರ್ಚಿನ ಪಟ್ಟಿ ಕೊಡುವ ಪುಸ್ತಕ, ಇಲ್ಲಿಯದು ಬಾಗಿಲಲ್ಲಿ ನಿಂತ ಕಾವಲುಗಾರ. ಆದರೆ ಅಂಕ ಬೀಳುವುದು ಬರೆದದ್ದಕ್ಕೆ, ಖರ್ಚು ಮಾಡಿದ್ದಕ್ಕಲ್ಲ. ಹೋದ ವರ್ಷದ ವಾಕ್ಯಗಳನ್ನೇ ತಿದ್ದಿ ಅಂಟಿಸಿ ಪಾಸಾಗುವ ವಿದ್ಯೆ ಇಲಾಖೆಗಳಿಗೆ ಬೇಗ ಬರುತ್ತದೆ. ಮಾರ್ಚ್ 15ಕ್ಕೆ ಸಚಿವಾಲಯಗಳ ನೀತಿ ಹೇಳಿಕೆಗಳು ಸದನಕ್ಕೆ ಬಂದಾಗ ಸಂಸದೆಯರು ಹಳೆಯ ಹೇಳಿಕೆಯನ್ನೂ ಲೆಕ್ಕಪರಿಶೋಧಕರ ವರದಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕೂತರೆ ಮಾತ್ರ ಪ್ರಮಾಣಪತ್ರಕ್ಕೆ ಹಲ್ಲು ಬರುತ್ತದೆ.

ದಿನ 5, ಶುಕ್ರವಾರ: ಎಂಬಾಲೆ, ಕಪ್ಚೊರ್ವಾ

ಬೆಳಿಗ್ಗೆ ಬೇಗ ಹೊರಟರೆ ಜಿಂಜಾದಲ್ಲಿ ನೈಲ್ ದಾಟಿ, ಎಂಬಾಲೆಯಲ್ಲಿ ಊಟ ಮುಗಿಸಿ, ಸಂಜೆಯೊಳಗೆ ಎಲ್ಗಾನ್ ಬೆಟ್ಟದ ಪಕ್ಕದ ಕಪ್ಚೊರ್ವಾ ಮುಟ್ಟಬಹುದು. ಬಾಳೆ, ಕಾಫಿ, ದಾರಿಯಲ್ಲಿ ಸಿಪಿ ಜಲಪಾತ. ಕೊಡಗಿನವರಿಗೆ ಊರು ನೆನಪಾಗುತ್ತದೆ.

ಇದು ಸಬಿನಿ ಜನರ ನಾಡು. ಸಮ ಸಂಖ್ಯೆಯ ವರ್ಷಗಳ ಡಿಸೆಂಬರಿನಲ್ಲಿ ಹುಡುಗಿಯರ ಜನನಾಂಗ ಛೇದನ ಊರ ಹಬ್ಬವಾಗಿ ನಡೆಯುತ್ತಿತ್ತು. ಹಿರಿಯರೇ ಸಬಿನಿ ಹಿರಿಯರ ಸಂಘ ಕಟ್ಟಿ, 1996ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ಬೇರೆ ದಾರಿ ಹಿಡಿದರು: ಹಬ್ಬ, ಉಡುಗೊರೆ, ಕುಣಿತ ಇರಲಿ, ಬ್ಲೇಡು ಬೇಡ. ಸಂಘಕ್ಕೆ 1998ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಪ್ರಶಸ್ತಿ ಬಂತು. ಇಲ್ಲಿಯವರೇ ಆದ ಜೇನ್ ಫ್ರಾನ್ಸಿಸ್ ಕುಕಾ ಸಂಸತ್ತಿಗೆ ಹೋಗಿ, ಮಂತ್ರಿಯಾಗಿ ಈ ಮಾತನ್ನು ರಾಜಧಾನಿಗೆ ಮುಟ್ಟಿಸಿದರು. ನಿಷೇಧದ ಖಾಸಗಿ ಮಸೂದೆ ಮಂಡಿಸಿದ್ದು ಮಾತ್ರ ಒಬ್ಬ ಗಂಡಸು, ವೈದ್ಯ ಕ್ರಿಸ್ ಬರ್ಯೊಮುನ್ಸಿ. 2009ರ ಡಿಸೆಂಬರಿನಲ್ಲಿ ಅಂಗೀಕಾರ, 2010ರಲ್ಲಿ ಕಾಯ್ದೆ. ಶಿಕ್ಷೆ 10 ವರ್ಷದವರೆಗೆ, ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಜೀವಾವಧಿ.

ಕಾಯ್ದೆ ಬಂದ ಮೇಲೆ ಬಯಲಲ್ಲಿ ನಡೆಯುವ ಹಬ್ಬ ನಿಂತಿತು. ಕತ್ತರಿಸುವುದು ಪೂರ್ತಿ ನಿಲ್ಲಲಿಲ್ಲ. ರಾತ್ರಿಗೆ ಸರಿಯಿತು, ಮದುವೆಯಾದ ಎಳೆ ಹೆಂಗಸರ ಕಡೆಗೆ ಸರಿಯಿತು, ಗಡಿಯಾಚೆಗೂ ಸರಿಯಿತು.

ದಿನ 6, ಶನಿವಾರ: ಸುವಾಮ್ ಗಡಿ

ಕಪ್ಚೊರ್ವಾದಿಂದ ಸುವಾಮ್‌ಗೆ 73 ಕಿಲೋಮೀಟರ್. ಹಿಂದೆ ಮಳೆ ಬಂದರೆ ದಿನವಿಡೀ ಕೆಸರಿನಲ್ಲಿ ಹೂತುಕೊಳ್ಳುವ ದಾರಿಯಾಗಿತ್ತು, ಈಗ ಡಾಂಬರು. ಸುವಾಮ್ ಒಂದು ತೊರೆ. ಆಚೆ ದಡ ಕೆನ್ಯಾ.

ಈ ತೊರೆಯ ಬಳಿ ನಿಂತರೆ ಪ್ರಾದೇಶಿಕ ಕಾನೂನು ಯಾಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ದಡಗಳಲ್ಲಿ ಒಂದೇ ನುಡಿಯ ಬಂಧುಗಳು. ಮದುವೆಗೆ, ತಿಥಿಗೆ ಓಡಾಡುವಂತೆ ಬ್ಲೇಡಿನವಳೂ ಓಡಾಡುತ್ತಾಳೆ. ಕೆನ್ಯಾದ 2011ರ ಕಾಯ್ದೆ ಎಲ್ಲ ವಯಸ್ಸಿನ ಹೆಂಗಸರಿಗೂ ಅನ್ವಯ. ಹುಡುಗಿಯನ್ನು ಹೊರದೇಶಕ್ಕೆ ಕರೆದೊಯ್ದರೂ ಒಳಗೆ ಕರೆತಂದರೂ ಅಪರಾಧ, ಕನಿಷ್ಠ ಮೂರು ವರ್ಷ ಜೈಲು ಅಥವಾ ಎರಡು ಲಕ್ಷ ಶಿಲಿಂಗಿಗೆ ಕಡಿಮೆಯಿಲ್ಲದ ದಂಡ. ಉಗಾಂಡಾದ್ದೂ ತನ್ನ ನೆಲದಲ್ಲಿ ವಾಸಿಸುವ ಹೆಣ್ಣಿಗೆ ಗಡಿಯಾಚೆ ಮಾಡಿದ್ದಕ್ಕೆ ಅನ್ವಯಿಸುತ್ತದೆ. ತಾಂಜಾನಿಯಾದ 1998ರ ಲೈಂಗಿಕ ಅಪರಾಧಗಳ ಕಾನೂನು ಮಾತ್ರ ಕಾಯುವುದು 18 ವರ್ಷದೊಳಗಿನವರನ್ನು. ದಕ್ಷಿಣದಲ್ಲಿ ಕುರಿಯಾ ಜನ ಕೆನ್ಯಾದ ಮಿಗೊರಿಯಲ್ಲೂ ತಾಂಜಾನಿಯಾದ ತರಿಮೆಯಲ್ಲೂ ಹಂಚಿಹೋಗಿದ್ದಾರೆ. ಅಲ್ಲಿ ಡಿಸೆಂಬರ್ ರಜೆಯಲ್ಲಿ ಎತ್ತ ಪೊಲೀಸರ ಕಣ್ಣು ಸಡಿಲವೋ ಅತ್ತ ಹುಡುಗಿಯರನ್ನು ಸಾಗಿಸುತ್ತಾರೆ.

ಮೂರೂ ಕಾಯ್ದೆಗಳು ಒಂದೇ ಆದರೂ ಸಮಸ್ಯೆ ತೀರದು. ಆಚೆ ದಡದಲ್ಲಿ ನಡೆದ ಕೃತ್ಯಕ್ಕೆ ಈಚೆ ದಡದ ಠಾಣೆಯಲ್ಲಿ ದೂರು ಬಂತು ಎಂದುಕೊಳ್ಳಿ. ವೈದ್ಯರ ವರದಿ ಯಾವ ದೇಶದ ನಮೂನೆಯಲ್ಲಿರಬೇಕು? ಸಾಕ್ಷಿ ಹೇಳಬೇಕಾದ ಅಜ್ಜಿಗೆ ಆಚೆಯ ನ್ಯಾಯಾಲಯದ ಸಮನ್ಸ್ ಮುಟ್ಟಿಸುವವರಾರು? 2019ರ ಏಪ್ರಿಲಿನಲ್ಲಿ ಕೆನ್ಯಾ, ಉಗಾಂಡಾ, ತಾಂಜಾನಿಯಾ, ಇಥಿಯೋಪಿಯಾ, ಸೊಮಾಲಿಯಾಗಳ ಮಂತ್ರಿಮಟ್ಟದ ಸಭೆ ಮೊಂಬಾಸಾದಲ್ಲಿ ಸೇರಿ, ಗಡಿಯಾಚೆಗಿನ ಛೇದನಕ್ಕೆ ಕೂಡುಕ್ರಮ ಬೇಕು ಎಂದು ಒಪ್ಪಿದ್ದು ಇಂಥ ಪ್ರಶ್ನೆಗಳಿಗಾಗಿಯೇ.

ರಾತ್ರಿಗೆ ಕಿಟಾಲೆ.

ದಿನ 7 ಮತ್ತು 8: ನೈರೋಬಿಗೆ

ಭಾನುವಾರ ಎಲ್ಡೊರೆಟ್, ನಕುರು ದಾಟುವ ಸುಮಾರು 380 ಕಿಲೋಮೀಟರಿನ ಬಸ್ ಪಯಣ. ಸೋಮವಾರ ಕಲಾಪ ಇಲ್ಲ. ಬಟ್ಟೆ ಒಗೆದುಕೊಳ್ಳಿ.

ದಿನ 9, ಮಂಗಳವಾರ: ನೈರೋಬಿ

ಮಧ್ಯಾಹ್ನ 2.30ರ ಕಲಾಪಕ್ಕೆ ಒಂದು ಗಂಟೆ ಮೊದಲೇ ಗೇಟಿನಲ್ಲಿರಿ. ಮೊಬೈಲು ಹೊರಗಿಡಬೇಕಾಗುತ್ತದೆ.

ಕೆನ್ಯಾದ 2010ರ ಸಂವಿಧಾನ ಓದಲು ಬಲು ಚೆಂದ: ಚುನಾಯಿತ ಸಂಸ್ಥೆಗಳಲ್ಲಿ ಯಾವುದೇ ಲಿಂಗದವರು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿರಬಾರದು. ಲೆಕ್ಕ ಹಾಕಿ. ರಾಷ್ಟ್ರೀಯ ಸಭೆಯ ಸದಸ್ಯರು 349: ಕ್ಷೇತ್ರಗಳಿಂದ 290, ಕೌಂಟಿಗೊಬ್ಬರಂತೆ (ನಮ್ಮ ಜಿಲ್ಲೆಯಂಥ ಘಟಕ) 47 ಮಹಿಳಾ ಪ್ರತಿನಿಧಿಗಳು, ಪಕ್ಷಗಳು ಹೆಸರಿಸುವ 12. ಹೆಂಗಸರು ಕನಿಷ್ಠ 117 ಇರಬೇಕು. ಕ್ಷೇತ್ರಗಳಲ್ಲಿ ಗೆದ್ದವರು 2013ರಲ್ಲಿ 16, 2017ರಲ್ಲಿ 23. 2017ರಲ್ಲಿ ಎಲ್ಲ ಸೇರಿಸಿದರೂ 76, ಕೊರತೆ 41. ರುವಾಂಡಾದಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಮಾಡಿದರೆ ಸಂಖ್ಯೆ ಬದಲಾಗುತ್ತದೆ. ಇಲ್ಲಿ ನಮ್ಮಂತೆಯೇ ಒಂದು ಕ್ಷೇತ್ರ, ಒಬ್ಬ ವಿಜೇತ. ಯಾವ ಕ್ಷೇತ್ರದ ಗಂಡಸು ಸ್ಥಾನ ಬಿಡಬೇಕು ಎಂಬ ಪ್ರಶ್ನೆಗೆ ಸಂವಿಧಾನ ಉತ್ತರ ಕೊಟ್ಟಿಲ್ಲ. ಕಿಗಾಲಿಯ ಯಂತ್ರದ ಭಾಗ ತಂದು ನೈರೋಬಿಯ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಸ್ಥಾನ ಮೀಸಲಿಡುವ ನಮ್ಮ ಸಂವಿಧಾನದ 106ನೇ ತಿದ್ದುಪಡಿಯ ಬಗ್ಗೆ ಯೋಚಿಸುವವರು ಅಭ್ಯಾಸಕ್ಕೆ ಬರಬೇಕಾದ್ದು ಇಲ್ಲಿಗೆ.

2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಹಂತಹಂತವಾಗಿ ಜಾರಿಗೆ ತರಬಹುದು, ಆದರೆ 2015ರ ಆಗಸ್ಟ್ 27ರೊಳಗೆ ಕಾನೂನು ಆಗಬೇಕು ಎಂದಿತು. ತಿದ್ದುಪಡಿಗೆ 233 ಮತ ಬೇಕು. ಮಸೂದೆ ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಅಷ್ಟು ಮಂದಿ ಕೂಡಲಿಲ್ಲ. 2019ರ ಫೆಬ್ರುವರಿಯಲ್ಲಿ ಮತಕ್ಕೆ ಹಾಕಲು ಬೇಕಾದ ಹಾಜರಿಯೇ ಇರಲಿಲ್ಲ. ಎದ್ದು ನಿಂತು ವಿರೋಧಿಸಿದರೆ ಹೆಸರು ದಾಖಲಾಗುತ್ತದೆ, ಗೈರಾದರೆ ಆಗುವುದಿಲ್ಲ. 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಗಾ ಸಂಸತ್ತನ್ನೇ ವಿಸರ್ಜಿಸಿ ಎಂದು ಅಧ್ಯಕ್ಷರಿಗೆ ಸಲಹೆ ಕೊಟ್ಟರು. ವ್ಯಾಜ್ಯ ಎದ್ದಿತು, ಸಂಸತ್ತು ಅವಧಿ ಪೂರೈಸಿತು.

ಕೆನ್ಯಾ ಸಂಸದೆಯರ ಸಂಘ (ಹುಟ್ಟಿದ್ದು 2001) ಇನ್ನೊಂದು ತೊಡಕನ್ನು ಮಾತ್ರ ಸ್ವಲ್ಪ ಬಿಡಿಸಿಕೊಂಡಿತು. ಕ್ಷೇತ್ರದ ಸದಸ್ಯರ ಕೈಯಲ್ಲಿ ಕ್ಷೇತ್ರಾಭಿವೃದ್ಧಿ ನಿಧಿ ಇತ್ತು, 47 ಕೌಂಟಿ ಪ್ರತಿನಿಧಿಗಳ ಕೈಯಲ್ಲಿ ಏನೂ ಇರಲಿಲ್ಲ. ಶಾಲೆಗೊಂದು ಕೋಣೆ ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸುವ ಪ್ರತಿನಿಧಿಯನ್ನು ಊರು ಎಷ್ಟು ದಿನ ಲೆಕ್ಕಕ್ಕಿಡುತ್ತದೆ? 2015ರಲ್ಲಿ ಅವರ ಮೂಲಕ ಹರಿಯುವ ಬೇರೆ ನಿಧಿಯೊಂದು ಬಂತು.

ದಿನ 10, ಬುಧವಾರ: ನಮಂಗಾ ದಾಟಿ ಅರುಷಾ

ಬೆಳಗಿನ ಷಟಲ್ ಹಿಡಿದರೆ ಸುಮಾರು 270 ಕಿಲೋಮೀಟರ್, ಆರು ಗಂಟೆ. ನಮಂಗಾದಲ್ಲಿ ಎರಡೂ ದೇಶದ ಮೊಹರು ಒಂದೇ ಕಟ್ಟಡದಲ್ಲಿ. ಇಲ್ಲಿಂದ ಮುಂದೆ ಸಮಯ ಕೇಳುವಾಗ ಎಚ್ಚರ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ: ಬೆಳಿಗ್ಗೆ 7 ಅಂದರೆ ಒಂದು ಗಂಟೆ, 9 ಅಂದರೆ ಮೂರು ಗಂಟೆ. ‘ಸಾ ತಾತು’ ಎಂದವರನ್ನು ಮಧ್ಯಾಹ್ನ ಮೂರಕ್ಕೆ ಹುಡುಕಿಕೊಂಡು ಹೋದರೆ ಕಚೇರಿ ಖಾಲಿ. ಉಳಿದ ಕೆಲವು ಮಾತು ಹೊಸದೆನಿಸುವುದಿಲ್ಲ: ವಾಹನಕ್ಕೆ ಗಾರಿ, ಅಂಗಡಿಗೆ ದುಕಾ, ವಿಮೆಗೆ ಬಿಮಾ.

ಪೂರ್ವ ಆಫ್ರಿಕಾ ಶಾಸನಸಭೆ ಇರುವುದು ಅರುಷಾದಲ್ಲಿ, ಸಮುದಾಯದ ಕೇಂದ್ರ ಕಚೇರಿಯಲ್ಲಿ. ಮೊದಲ ಸಭೆ ಸೇರಿದ್ದು 2001ರ ನವೆಂಬರಿನಲ್ಲಿ. ವರ್ಷಕ್ಕೆ ಒಮ್ಮೆಯಾದರೂ ಇಲ್ಲಿ ಸೇರಲೇಬೇಕು, ಉಳಿದ ಅಧಿವೇಶನಗಳು ಸದಸ್ಯ ರಾಷ್ಟ್ರಗಳ ರಾಜಧಾನಿಗಳಲ್ಲಿ ಸುತ್ತುತ್ತವೆ. ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳದಿದ್ದರೆ ಖಾಲಿ ಕುರ್ಚಿ ನೋಡಿ ಬರಬೇಕಾಗುತ್ತದೆ.

ಪ್ರತಿ ದೇಶದ ಸಂಸತ್ತು 9 ಮಂದಿಯನ್ನು ಆರಿಸಿ ಕಳಿಸುತ್ತದೆ, ಆದರೆ ತನ್ನ ಸದಸ್ಯರನ್ನಲ್ಲ, ಹೊರಗಿನವರನ್ನು. ಮೊದಲ ಬಿರುಕು ಇಲ್ಲೇ. ಅರುಷಾದಲ್ಲಿ ಮಸೂದೆ ಬರೆಯುವವಳು ಕಂಪಾಲಾದ ಸದನದಲ್ಲಿ ಕೂರುವುದಿಲ್ಲ. ಕಂಪಾಲಾದಲ್ಲಿ ಕೂರುವವಳಿಗೆ ಅರುಷಾದ ಕರಡು ಸುದ್ದಿಪತ್ರಿಕೆಯಲ್ಲಿ ತಿಳಿಯುತ್ತದೆ. ಎರಡು ಕಡೆಯವರೂ ಮುಖಾಮುಖಿ ಆಗುವ ಜಾಗಗಳಲ್ಲಿ ಒಂದು, ನಂಬಿದರೆ ನಂಬಿ, ಡಿಸೆಂಬರಿನಲ್ಲಿ ನಡೆಯುವ ಅಂತರ್‌ಸಂಸದೀಯ ಕ್ರೀಡಾಕೂಟದ ನೆಟ್‌ಬಾಲ್ ಮೈದಾನ.

ಸದಸ್ಯರು ಯಾರು ಬೇಕಾದರೂ ಖಾಸಗಿ ಮಸೂದೆ ತರಬಹುದು, ಸಮುದಾಯದ ಬೊಕ್ಕಸಕ್ಕೆ ಕೈಹಾಕದಿದ್ದರೆ. ಆದ್ದರಿಂದಲೇ ಸಮಾನತೆಯ ಮಸೂದೆಗಳಲ್ಲಿ ‘ಮಾಡತಕ್ಕದ್ದು’ ಹೇರಳ, ‘ಇಷ್ಟು ಹಣ’ ಎಂಬುದು ವಿರಳ. ಉಗಾಂಡಾದ ದೋರಾ ಬ್ಯಾಮುಕಾಮಾ 2016ರಲ್ಲಿ ಛೇದನ ನಿಷೇಧದ ಪ್ರಾದೇಶಿಕ ಮಸೂದೆ ತಂದರು. ಸುವಾಮ್ ತೊರೆಯ ಎರಡೂ ದಡಕ್ಕೆ ಒಂದೇ ಕಾನೂನು ಎಂಬ ಯೋಚನೆ. ಕೆನ್ಯಾದ ನ್ಯಾನ್ಸಿ ಅಬಿಸಾಯಿ ಮಂಡಿಸಿದ ಲಿಂಗ ಸಮಾನತೆ ಮತ್ತು ಅಭಿವೃದ್ಧಿ ಮಸೂದೆಯನ್ನು ಸಭೆ 2017ರ ಮಾರ್ಚಿನಲ್ಲಿ ಅಂಗೀಕರಿಸಿತು.

ಅಂಗೀಕಾರದ ಮುಂದಿನ ಹಾದಿ ಸಮುದಾಯವನ್ನು ಕಟ್ಟಿದ ಒಪ್ಪಂದದ 62 ಮತ್ತು 63ನೇ ವಿಧಿಗಳಲ್ಲಿದೆ. ಎಲ್ಲ ರಾಷ್ಟ್ರಾಧ್ಯಕ್ಷರೂ ಅಂಕಿತ ಹಾಕಬೇಕು, ಬಹುಮತ ಸಾಲದು. ಮೂರು ತಿಂಗಳಲ್ಲಿ ಅಂಕಿತ ಬೀಳದಿದ್ದರೆ ಕಾರಣದೊಂದಿಗೆ ಸಭೆಗೆ ವಾಪಸು. ತಿದ್ದಿಯೋ ತಿದ್ದದೆಯೋ ಮತ್ತೆ ಕಳಿಸಬಹುದು. ಎರಡನೇ ಸಲ ಒಬ್ಬರು ಬೇಡ ಎಂದರೂ ಮಸೂದೆ ಬಿದ್ದಂತೆಯೇ. ಸಮಾನತೆಯ ಮಸೂದೆ ಈ ಸಹಿಗಳಿಗಾಗಿ ವರ್ಷಗಟ್ಟಲೆ ಕಾದಿತು. ಅಧ್ಯಕ್ಷರು ಅಳುಕುವುದಕ್ಕೂ ಕಾರಣ ಒಪ್ಪಂದದಲ್ಲೇ ಇದೆ: 8ನೇ ವಿಧಿಯ ಪ್ರಕಾರ ಸಮುದಾಯದ ಕಾನೂನು ಅದೇ ವಿಷಯದ ದೇಶದ ಕಾನೂನಿಗಿಂತ ಮೇಲು. ತಾಂಜಾನಿಯಾದ 1971ರ ವಿವಾಹ ಕಾಯ್ದೆಯನ್ನೇ ನೋಡಿ. ಅದರಲ್ಲಿ ಹುಡುಗಿಗೆ ಪೋಷಕರ ಒಪ್ಪಿಗೆಯಿದ್ದರೆ 15, ನ್ಯಾಯಾಲಯ ಒಪ್ಪಿದರೆ 14 ವರ್ಷಕ್ಕೇ ಮದುವೆ. ಹೆಣ್ಣುಮಕ್ಕಳ ಹಕ್ಕಿನ ಹೋರಾಟಗಾರ್ತಿ ರೆಬೆಕಾ ಗ್ಯುಮಿ ಹೂಡಿದ ದಾವೆಯಲ್ಲಿ ಹೈಕೋರ್ಟು 2016ರಲ್ಲೂ ಮೇಲ್ಮನವಿ ನ್ಯಾಯಾಲಯ 2019ರಲ್ಲೂ ಅದು ಸಂವಿಧಾನಕ್ಕೆ ವಿರುದ್ಧ ಎಂದವು. ನಮಂಗಾದ ಆಚೆ, ಕೆನ್ಯಾದಲ್ಲಿ, 2014ರಿಂದ 18. ಮದುವೆಯ ವಯಸ್ಸನ್ನು ಅರುಷಾ ತೀರ್ಮಾನಿಸಲು ಬಿಟ್ಟರೆ ನಾಳೆ ಜಮೀನಿನ ವಿಷಯಕ್ಕೂ ಕೈಹಾಕುತ್ತದೆ ಎಂಬ ಲೆಕ್ಕಾಚಾರ ರಾಜಧಾನಿಗಳದ್ದು.

ಸಭೆ ಸೇರಿದ ದಿನವಾದರೆ ಗ್ಯಾಲರಿಗೆ ಪಾಸು ಬರೆಸಿಕೊಂಡು, ಕಾರ್ಯಸೂಚಿಯ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ‘ಪುನರ್‌ಪರಿಶೀಲನೆ’ ಎಂಬ ಸಾಲಿದ್ದರೆ ಮಧ್ಯಾಹ್ನದ ಸಿಟಿ ಸುತ್ತಾಟ ಬಿಟ್ಟು ಅಲ್ಲೇ ಕೂರಿ. ಯಾವ ದೇಶ ಯಾವ ಕಲಮಿಗೆ ಆಕ್ಷೇಪ ಎತ್ತಿದೆ ಎಂಬುದನ್ನು ಜೋರಾಗಿ ಓದಿ ಹೇಳುವುದು ಆ ಹೊತ್ತಿನಲ್ಲೇ.